ಮಿಷನರಿ ಗೆಳೆಯ ತಿಂಗಳ ಕಾಣಿಕೆ ಕೇಳಿದ್ದಾನೆ. ಈ ಹಣ ಹೇಗೆ ಹೋಗುತ್ತದೆ, ಯಾರು ಯಾರಿಗೆ ಲೆಕ್ಕ ಕೊಡುತ್ತಾರೆ?

ಹೊಸಿಲುದಾಟಿ
ಎಲ್ಲರಿಗೂ ನಮಸ್ಕಾರ. ನನ್ನ ಕಾಲೇಜು ಗೆಳೆಯ ಬೈಬಲ್ ಅನುವಾದ ಮಾಡುವ ಒಂದು ಮಿಷನ್ ಸಂಸ್ಥೆಗೆ ಸೇರಿದ್ದಾನೆ. ಹೆಂಡತಿ ಮಕ್ಕಳ ಜೊತೆ ಬೇರೆ ದೇಶಕ್ಕೆ ಹೊರಟಿದ್ದಾನೆ. ಹೋಗುವ ಮೊದಲು ಪರಿಚಯದವರಿಗೆಲ್ಲ ಒಂದು ಪ್ರಾರ್ಥನಾ ಪತ್ರ ಕಳಿಸಿದ್ದಾನೆ. ತಿಂಗಳಿಗೆ ಇಷ್ಟು ಕೊಡುತ್ತೇನೆ ಅಂತ ಮಾತು ಕೊಡಿ ಎಂದು ಅದರಲ್ಲಿ ಕೇಳಿದ್ದಾನೆ. ಬೇಕಾದ ಮೊತ್ತಕ್ಕೆ ಮಾತು ಸಿಗುವವರೆಗೆ ಸಂಸ್ಥೆ ಅವನನ್ನು ಹೊರಡಲು ಬಿಡುವುದಿಲ್ಲವಂತೆ.

ನನಗೆ ಕೊಡಲು ಮನಸ್ಸಿದೆ. ಆದರೆ ಕೆಲವು ವಿಷಯ ಅರ್ಥವಾಗುತ್ತಿಲ್ಲ. ಸಂಸ್ಥೆ ಕೆಲಸ ಕೊಟ್ಟ ಮೇಲೆ ಸಂಬಳ ಅವರೇ ಕೊಡಬೇಕಲ್ವಾ? ಇವನೇ ಯಾಕೆ ಮನೆಮನೆ ಕೇಳಬೇಕು? ನಾನು ಕೊಟ್ಟ ಹಣ ನೇರವಾಗಿ ಅವನಿಗೆ ಹೋಗುತ್ತದಾ, ಸಂಸ್ಥೆಗೆ ಹೋಗುತ್ತದಾ? ಕೊಟ್ಟ ಮೇಲೆ ಲೆಕ್ಕ ಕೇಳಿದರೆ ತಪ್ಪಾಗುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಲೆಕ್ಕದಪುಸ್ತಕ
ಇಂಥ ಸಂಸ್ಥೆಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಿಷನರಿಯನ್ನು ಸಾಕುವುದಕ್ಕೆ ಮುಖ್ಯವಾಗಿ ಎರಡು ದಾರಿ ಇದೆ. ಒಂದು, ಎಲ್ಲ ಸಭೆಗಳ (ಅಂದರೆ ಚರ್ಚುಗಳ) ಕಾಣಿಕೆ ಒಂದು ದೊಡ್ಡ ನಿಧಿಗೆ ಬರುತ್ತದೆ, ಅಲ್ಲಿಂದ ಎಲ್ಲ ಮಿಷನರಿಗಳಿಗೂ ಸಂಬಳ ಹೋಗುತ್ತದೆ. ಇನ್ನೊಂದು ನಿಮ್ಮ ಗೆಳೆಯನ ದಾರಿ. ಪ್ರತಿಯೊಬ್ಬ ಮಿಷನರಿಯೂ ತನ್ನ ಬೆಂಬಲಿಗರನ್ನು ತಾನೇ ಹುಡುಕಿಕೊಳ್ಳಬೇಕು. ಬೈಬಲ್ ಅನುವಾದದ ಸಂಸ್ಥೆಗಳಲ್ಲಿ ಈ ಎರಡನೆಯದೇ ಜಾಸ್ತಿ.

ಎರಡನೆಯ ಪದ್ಧತಿಯಲ್ಲಿ ಸಂಸ್ಥೆ ಮೊದಲು ಆ ಕುಟುಂಬಕ್ಕೆ ಒಂದು ಬಜೆಟ್ ಹಾಕುತ್ತದೆ. ಮನೆ ಬಾಡಿಗೆ, ಊಟ, ಆರೋಗ್ಯ ವಿಮೆ, ಮಕ್ಕಳ ಶಾಲೆ, ವೀಸಾ, ವಿಮಾನದ ಖರ್ಚು, ಭಾಷೆ ಕಲಿಯುವ ಖರ್ಚು, ತೆರಿಗೆ, ವಯಸ್ಸಾದ ಮೇಲಿನ ಪಿಂಚಣಿ ಎಲ್ಲ ಅದರಲ್ಲಿ ಸೇರುತ್ತದೆ. ಪತ್ರದಲ್ಲಿ ಕಾಣುವ ಮೊತ್ತ ಅವರ ಸಂಬಳ ಅಂದುಕೊಳ್ಳಬೇಡಿ. ಅದರಲ್ಲಿ ಕೈಗೆ ಬರುವುದು ಒಂದು ಭಾಗ ಮಾತ್ರ. ಸಂಸ್ಥೆಯ ಆಫೀಸು ಖರ್ಚಿಗೂ ಅದರಿಂದಲೇ ಒಂದಿಷ್ಟು ಹಿಡಿಯುತ್ತಾರೆ. ಸಾಮಾನ್ಯವಾಗಿ ಶೇ. 10ರಿಂದ 15 ಇರುತ್ತದೆ.

ಇನ್ನು ಹಣ ಯಾರಿಗೆ ಹೋಗುತ್ತದೆ ಅನ್ನುವುದು. ಕಾನೂನಿನ ಪ್ರಕಾರ ನೀವು ಕೊಡುವುದು ಸಂಸ್ಥೆಗೆ. ರಸೀದಿ ಕೊಡುವವರೂ ಅವರೇ. 'ಇಂಥವರ ಕೆಲಸಕ್ಕೆ' ಅಂತ ನೀವು ಬರೆದರೆ ಅದನ್ನು ಆ ಮಿಷನರಿಯ ಖಾತೆಗೆ ಜಮಾ ಮಾಡುತ್ತಾರೆ. ಆದರೆ ಆ ಹಣದ ಮೇಲೆ ಕೊನೆಯ ಹಿಡಿತ ಸಂಸ್ಥೆಯದ್ದೇ. ಅಮೆರಿಕದ ತೆರಿಗೆ ಇಲಾಖೆ ಇದರಲ್ಲಿ ಬಹಳ ಕಟ್ಟುನಿಟ್ಟು. ಹಣ ಸಂಸ್ಥೆಯ ಹತೋಟಿಯಲ್ಲಿ ಇಲ್ಲದೆ ಒಬ್ಬ ವ್ಯಕ್ತಿಗೇ ಕೊಟ್ಟಂತಾದರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಗಾಳಿಪಟ
ಅಂದರೆ ಗೆಳೆಯ ನಾಳೆ ಕೆಲಸ ಬಿಟ್ಟರೆ ಖಾತೆಯಲ್ಲಿ ಉಳಿದ ಹಣ?

ಲೆಕ್ಕದಪುಸ್ತಕ
@ಗಾಳಿಪಟ ಸಂಸ್ಥೆಯಲ್ಲೇ ಉಳಿಯುತ್ತದೆ. ಬಿಟ್ಟು ಹೋಗುವವರು ಮನೆಗೆ ತಗೊಂಡು ಹೋಗುವಂತಿಲ್ಲ. ವಾಪಸ್ ಬಂದು ನೆಲೆ ನಿಲ್ಲುವ ಖರ್ಚಿಗೆ ಸ್ವಲ್ಪ ಕೊಟ್ಟು, ಮಿಕ್ಕಿದ್ದನ್ನು ಬೇರೆ ಮಿಷನರಿಗೋ ಸಾಮಾನ್ಯ ನಿಧಿಗೋ ಹಾಕುತ್ತಾರೆ.

ನೇರಮಾತು
ನನಗೆ ಈ ಪದ್ಧತಿಯೇ ಹಿಡಿಸುವುದಿಲ್ಲ. ಶ್ರೀಮಂತ ಸಭೆಯಲ್ಲಿ ಬೆಳೆದವನಿಗೆ ಬೇಗ ಬೆಂಬಲ ಸಿಗುತ್ತದೆ. ಬಡ ಕುಟುಂಬದಿಂದ ಬಂದವನು, ಅವನು ಎಷ್ಟೇ ಸಮರ್ಥ ಆಗಿದ್ದರೂ, ವರ್ಷಗಟ್ಟಲೆ ಅಲೆಯುತ್ತಾನೆ. ಕೆಲಸಕ್ಕೆ ಯಾರು ತಕ್ಕವರು ಅನ್ನುವುದನ್ನು ಪರಿಚಯದವರ ಜೇಬು ತೀರ್ಮಾನ ಮಾಡಬೇಕಾ? ಸಂಸ್ಥೆಗೆ ಆ ವ್ಯಕ್ತಿ ಬೇಕು ಅಂದರೆ ಸಂಬಳ ಕೊಟ್ಟು ಕಳಿಸಲಿ.

ಓದುಗಿತ್ತಿ
@ನೇರಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಮದುವೆಯಾಗದ ಹೆಣ್ಣುಮಕ್ಕಳ ಕಷ್ಟವನ್ನೂ ಸೇರಿಸಿ. 'ಒಬ್ಬಳೇ ತಾನೇ, ನಿನಗೆಷ್ಟು ಬೇಕು' ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ. ಬಾಡಿಗೆ, ವಿಮೆ, ವೀಸಾ ಒಬ್ಬಳಿಗೇನು ಅರ್ಧಕ್ಕೆ ಬರುತ್ತದಾ?

ಕಡಲಹಕ್ಕಿ
ನನ್ನ ಅಪ್ಪ ಅಮ್ಮ ಇಬ್ಬರೂ ಮಿಷನರಿಗಳು. ಈ ಪದ್ಧತಿಯಲ್ಲೇ ನಮ್ಮ ಮನೆ ನಡೆಯಿತು. ಅದರ ಎರಡೂ ಮುಖ ನೋಡಿದ್ದೇನೆ.

ಕೆಲವು ವರ್ಷಕ್ಕೊಮ್ಮೆ ಸ್ವದೇಶಕ್ಕೆ ರಜೆಗೆ ಬರುತ್ತಿದ್ದೆವು. ಹೆಸರಿಗೆ ರಜೆ. ಪ್ರತಿ ಭಾನುವಾರ ಬೇರೆ ಬೇರೆ ಸಭೆಗೆ ಹೋಗಬೇಕು, ಅಪ್ಪ ಫೋಟೋ ತೋರಿಸಿ ಮಾತಾಡಬೇಕು, ನಾವು ಮಕ್ಕಳು ಮುಂದೆ ನಿಂತು ಅಲ್ಲಿಯ ಭಾಷೆಯಲ್ಲಿ ಒಂದು ಹಾಡು ಹೇಳಬೇಕು. ಕೊಟ್ಟವರಿಗೆ ಕೃತಜ್ಞತೆ ಹೇಳುವುದು ಸರಿ. ಆದರೆ ಮನೆಯ ಎಲ್ಲರೂ ಯಾವಾಗಲೂ ನೋಡುವವರ ಮುಂದೆಯೇ ಇರುವುದು ದೊಡ್ಡ ಭಾರ. ಹೊಸ ಬಟ್ಟೆ ಹಾಕಿಕೊಂಡರೆ ಯಾರು ಏನಂದುಕೊಳ್ಳುತ್ತಾರೋ ಅಂತ ಅಮ್ಮ ಯೋಚಿಸುತ್ತಿದ್ದಳು. ಪತ್ರದಲ್ಲಿ ಕಷ್ಟ ಬರೆದರೆ 'ಇವರಿಗೆ ಆಗುತ್ತಿಲ್ಲ' ಅನ್ನುತ್ತಾರೆ, ಸುಖ ಬರೆದರೆ 'ಇವರಿಗೆ ಇನ್ನು ಬೇಕಿಲ್ಲ' ಅನ್ನುತ್ತಾರೆ ಅನ್ನುವ ಭಯ ಅಪ್ಪನಿಗೆ.

ಇನ್ನೊಂದು ಮುಖವೂ ಇದೆ. ಅಮ್ಮನಿಗೆ ಆಪರೇಷನ್ ಆದಾಗ ಪತ್ರ ಬರೆದದ್ದು, ಪ್ರಾರ್ಥಿಸಿದ್ದು, ನಮ್ಮ ಫೀಸು ಕಟ್ಟಿದ್ದು ಇದೇ ಜನ. ದೊಡ್ಡ ನಿಧಿಯಿಂದ ಸಂಬಳ ಬಂದಿದ್ದರೆ ಇಷ್ಟು ಜನರಿಗೆ ನಮ್ಮ ಹೆಸರೂ ಗೊತ್ತಿರುತ್ತಿರಲಿಲ್ಲ. ಅವರಲ್ಲಿ ಕೆಲವರು ಇವತ್ತಿಗೂ ನಮಗೆ ದೊಡ್ಡಮ್ಮ ದೊಡ್ಡಪ್ಪನ ಹಾಗೆ.

ಹೊಸಿಲುದಾಟಿ
@ಕಡಲಹಕ್ಕಿ ಇಷ್ಟು ಮನಬಿಚ್ಚಿ ಬರೆದದ್ದಕ್ಕೆ ಧನ್ಯವಾದ. ಪತ್ರದ ಹಿಂದೆ ಇಷ್ಟೆಲ್ಲ ಇರುತ್ತದೆ ಅಂತ ಗೊತ್ತಿರಲಿಲ್ಲ.

ಹಳೆಕಾಗದ
ಈ ಜಗಳ ಹೊಸದಲ್ಲ. 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವು ಬ್ಯಾಪ್ಟಿಸ್ಟ್ ಬೋಧಕರು ಸೇರಿ ಮಿಷನ್ ಸಂಘ ಶುರು ಮಾಡಿದರು. ಆ ದಿನ ಕೊಡುತ್ತೇವೆ ಅಂತ ಮಾತಾದ ಹಣ 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಅಷ್ಟರಿಂದ ಶುರುವಾಗಿ ಮರುವರ್ಷವೇ ಅವರಲ್ಲೊಬ್ಬರಾದ ವಿಲಿಯಂ ಕೇರಿ ಬಂಗಾಳಕ್ಕೆ ಬಂದರು.

ಬಂದ ಮೇಲೆ ಸಂಘದ ಹಣ ಸಾಲಲಿಲ್ಲ. ಕೇರಿ ನೀಲಿ ತಯಾರಿಸುವ ಕಾರ್ಖಾನೆಯಲ್ಲಿ ಮ್ಯಾನೇಜರ್ ಆದರು. ಆಮೇಲೆ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಭಾಷೆ ಕಲಿಸಿದರು. ಕಲ್ಕತ್ತೆ ಹತ್ತಿರದ ಶ್ರೀರಾಂಪುರದಲ್ಲಿ ಕೇರಿಯ ಸಂಗಡಿಗರಾದ ಜೋಶುವಾ ಮತ್ತು ಹಾನ್ನಾ ಮಾರ್ಷ್‌ಮನ್ ಬೋರ್ಡಿಂಗ್ ಶಾಲೆ ನಡೆಸಿದರು, ವಿಲಿಯಂ ವಾರ್ಡ್ ಅಚ್ಚುಕೂಟ ನೋಡಿಕೊಂಡರು. ದುಡಿದದ್ದೆಲ್ಲ ಒಂದೇ ಗಂಟಿಗೆ ಹಾಕಿ ಅದರಿಂದಲೇ ಮಿಷನ್ ನಡೆಸಿದರು.

ಮುಂದೆ ದೊಡ್ಡ ಗೊಂದಲ ಆಯಿತು. ಇವರು ದುಡಿದು ಕಟ್ಟಿದ ಆಸ್ತಿ ಯಾರದ್ದು? ಲಂಡನ್ನಿನ ಸಂಘದ ಹೊಸ ತಲೆಮಾರು ಹಿಡಿತ ಕೇಳಿತು. ಶ್ರೀರಾಂಪುರದವರು ಒಪ್ಪಲಿಲ್ಲ. 1827ರಲ್ಲಿ ಎರಡೂ ಕಡೆ ಬೇರೆಯಾದವು. ಮತ್ತೆ ಒಂದಾದದ್ದು 1837ರಲ್ಲಿ, ಆಗ ಕೇರಿ ತೀರಿಕೊಂಡಾಗಿತ್ತು. ಹಣ ಯಾರು ಕೊಟ್ಟರು ಅನ್ನುವುದರ ಮೇಲೆ ಮಾತು ಯಾರದು ನಡೆಯಬೇಕು ಅನ್ನುವುದು ನಿಲ್ಲುತ್ತದೆ. ಅಷ್ಟು ಒಳ್ಳೆಯ ಜನರ ನಡುವೆಯೂ ಅದು ತಪ್ಪಲಿಲ್ಲ.

ತಾಳೆಗರಿ
ಇವರಿಗೆಲ್ಲ ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಡುತ್ತಿತ್ತು ಅಂತ ಕೇಳಿದ್ದೇನೆ. ಜನರ ದೇಣಿಗೆ ಅನ್ನುವುದು ಹೆಸರಿಗೆ ಮಾತ್ರ ಅಲ್ವಾ?

ಹಳೆಕಾಗದ
@ತಾಳೆಗರಿ ಇಲ್ಲ, ಅದು ಸರಿಯಲ್ಲ. ಆರಂಭದಲ್ಲಿ ಕಂಪನಿಗೆ ಮಿಷನರಿಗಳು ಬೇಡವಾಗಿದ್ದರು. ವ್ಯಾಪಾರಕ್ಕೆ ತೊಂದರೆ ಅನ್ನುವ ಭಯ. ಅದಕ್ಕೇ ಕೇರಿ ಮತ್ತು ಸಂಗಡಿಗರು ಡೆನ್ಮಾರ್ಕಿನ ಕೈಯಲ್ಲಿದ್ದ ಶ್ರೀರಾಂಪುರದಲ್ಲಿ ನೆಲೆಸಿದರು. 1813ರ ಚಾರ್ಟರ್ ಕಾಯ್ದೆ ಬಂದ ಮೇಲೆ ಮಿಷನರಿಗಳಿಗೆ ದಾರಿ ಸಲೀಸಾಯಿತು. ಕಂಪನಿ ಸಂಬಳ ಕೊಡುತ್ತಿದ್ದದ್ದು ತನ್ನ ಯುರೋಪಿಯನ್ ನೌಕರರಿಗಾಗಿ ಇಟ್ಟ ಚಾಪ್ಲಿನ್ ಅನ್ನುವ ಪಾದ್ರಿಗಳಿಗೆ. ಅವರು ಬೇರೆ, ಮಿಷನರಿಗಳು ಬೇರೆ.

ತಾಳೆಗರಿ
@ಹಳೆಕಾಗದ ಆದರೆ ಕೇರಿಗೆ ಫೋರ್ಟ್ ವಿಲಿಯಂ ಕಾಲೇಜಿನ ಸಂಬಳ ಎಲ್ಲಿಂದ ಬಂತು? ಅದು ಕಂಪನಿಯ ಕಾಲೇಜೇ ತಾನೇ? ಶಿಕ್ಷಣದ ಬಗ್ಗೆ 1854ರಲ್ಲಿ ಬಂದ ವುಡ್ ಆದೇಶದ ನಂತರ ಮಿಷನ್ ಶಾಲೆಗಳಿಗೆ ಸರ್ಕಾರದ ಅನುದಾನವೂ ಸಿಕ್ಕಿತು. ರಾಜರ ಹಣವೂ ಇತ್ತು, ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದ ಮಿಷನರಿ ಝೀಗನ್‌ಬಾಲ್ಗ್‌ರನ್ನು ಕಳಿಸಿದ್ದೇ ಡೆನ್ಮಾರ್ಕಿನ ರಾಜ ನಾಲ್ಕನೇ ಫ್ರೆಡರಿಕ್. ಪೋರ್ಚುಗೀಸರ ಪದ್ರುವಾದೋ ವ್ಯವಸ್ಥೆಯಲ್ಲಿ ಮಿಷನ್ ಖರ್ಚು ರಾಜನ ಹೊಣೆ, ಬದಲಿಗೆ ಬಿಷಪ್ ಯಾರಾಗಬೇಕು ಅಂತ ಸೂಚಿಸುವ ಹಕ್ಕು ರಾಜನದ್ದು. ಜನರ ಕಾಣಿಕೆ ಮಾತ್ರ ಅಂದರೆ ಅರ್ಧ ಕಥೆ ಹೇಳಿದಂತೆ.

ಹಳೆಕಾಗದ
@ತಾಳೆಗರಿ ಕಾಲೇಜಿನ ಸಂಬಳ ಭಾಷೆ ಕಲಿಸಿದ್ದಕ್ಕೆ, ಶಾಲೆಯ ಅನುದಾನ ಪಾಠ ಹೇಳಿದ್ದಕ್ಕೆ. ಸುವಾರ್ತೆ ಸಾರುವುದಕ್ಕೆ ಸರ್ಕಾರ ಕೊಟ್ಟ ಸಂಬಳ ಅದಲ್ಲ. ಪದ್ರುವಾದೋ ಬಗ್ಗೆ ನೀವು ಹೇಳಿದ್ದು ಸರಿ. ರಾಜನ ಹಣವನ್ನು ನೆಚ್ಚಿಕೊಂಡಾಗ ರಾಜನ ಮಾತು ಕೇಳಬೇಕಾಗುತ್ತದೆ. ಜನರ ಸಣ್ಣ ಸಣ್ಣ ಕಾಣಿಕೆಯಿಂದ ಮಿಷನ್ ನಡೆಸಬೇಕು ಅನ್ನುವ ಆಸೆ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಬೆಳ್ಳಿಚುಕ್ಕಿ
ಸಣ್ಣ ಕಾಣಿಕೆ ಅಂದಾಗ ಪೋಲಿನ್ ಜರಿಕೋ ಹೆಸರು ಹೇಳಲೇಬೇಕು. ಫ್ರಾನ್ಸಿನ ಲಿಯೋನ್ ನಗರದ ಹುಡುಗಿ, 1799ರಲ್ಲಿ ಹುಟ್ಟಿದವಳು. ರೇಷ್ಮೆ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಹತ್ತು ಹತ್ತು ಜನರ ಗುಂಪು ಮಾಡಿದಳು. ವಾರಕ್ಕೆ ಒಬ್ಬರಿಂದ ಒಂದು ಸೂ, ಅಂದರೆ ಆಗಿನ ಚಿಲ್ಲರೆ ಕಾಸು. ಹತ್ತು ಜನರಿಗೆ ಒಬ್ಬ ಮುಖಂಡ, ಹತ್ತು ಗುಂಪಿಗೆ ಒಬ್ಬ ಮುಖಂಡ, ಹೀಗೆ ಮೇಲೆ ಮೇಲೆ. 1822ರಲ್ಲಿ ಇದೇ ಧರ್ಮಪ್ರಸಾರ ಸಂಘವಾಯಿತು. ನೂರು ವರ್ಷದ ನಂತರ, 1922ರಲ್ಲಿ, ಅದನ್ನು ಪೋಪ್ ತಮ್ಮ ನೇರ ಆಶ್ರಯಕ್ಕೆ ತೆಗೆದುಕೊಂಡರು. 2022ರ ಮೇ ತಿಂಗಳಲ್ಲಿ ಪೋಲಿನ್‌ಗೆ ಧನ್ಯಳು ಅನ್ನುವ ಪದವಿ (ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ) ಸಿಕ್ಕಿತು.

ಕಥೋಲಿಕರಲ್ಲಿ ಇವತ್ತಿಗೂ ಅಕ್ಟೋಬರ್ ತಿಂಗಳ ಕೊನೆಯಿಂದ ಎರಡನೆಯ ಭಾನುವಾರ ಮಿಷನ್ ಭಾನುವಾರ. 1926ರಲ್ಲಿ ಪೋಪ್ ಇದನ್ನು ಗೊತ್ತುಮಾಡಿದರು. ಆ ದಿನ ಲೋಕದ ಎಲ್ಲ ಚರ್ಚುಗಳಲ್ಲಿ ಎತ್ತುವ ಕಾಣಿಕೆ ಒಂದೇ ನಿಧಿಗೆ ಸೇರುತ್ತದೆ. ಅಲ್ಲಿಂದ ಕಷ್ಟದಲ್ಲಿರುವ ಧರ್ಮಪ್ರಾಂತ್ಯಗಳಿಗೆ (ಒಬ್ಬೊಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶಗಳಿಗೆ) ಹಂಚುತ್ತಾರೆ. ಬಡ ದೇಶದ ಚರ್ಚು ಕೂಡ ಕೊಡುತ್ತದೆ. ನನಗೆ ಅದು ಬಹಳ ಇಷ್ಟ.

ನೇರಮಾತು
@ಬೆಳ್ಳಿಚುಕ್ಕಿ ಫಾದರ್, ಸಿಸ್ಟರ್‌ಗಳಿಗೆ ಸಂಬಳ ಇರುತ್ತದಾ?

ಬೆಳ್ಳಿಚುಕ್ಕಿ
@ನೇರಮಾತು ನನ್ನ ಚಿಕ್ಕಮ್ಮ ಸಿಸ್ಟರ್, ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಬಡತನದ ಪ್ರತಿಜ್ಞೆ ಮಾಡಿದವರಿಗೆ ಸ್ವಂತ ಆಸ್ತಿ ಇರುವುದಿಲ್ಲ. ಅವರ ದುಡಿಮೆಗೆ ಬಂದ ಹಣವೂ ಸಂಸ್ಥೆಗೇ ಹೋಗುತ್ತದೆ. ಊಟ, ವಸತಿ, ಔಷಧ, ಮುಪ್ಪಿನ ಆರೈಕೆ ಎಲ್ಲ ಸಂಸ್ಥೆಯ ಹೊಣೆ. ಹಾಗಾಗಿ ಅವರು ಸ್ವಂತಕ್ಕೆ ಅಂತ ಯಾರ ಹತ್ತಿರವೂ ಕೇಳಬೇಕಾಗಲಿಲ್ಲ. ಧರ್ಮಪ್ರಾಂತ್ಯದ ಫಾದರ್‌ಗಳ ವಿಷಯ ಬೇರೆ, ಅವರು ಈ ಪ್ರತಿಜ್ಞೆ ಮಾಡಿರುವುದಿಲ್ಲ. ಅವರಿಗೆ ಸಣ್ಣ ಭತ್ಯೆ ಇರುತ್ತದೆ.

ಸಂಜೆಮಲ್ಲಿಗೆ
ಹೆಂಗಸರು, ಮಕ್ಕಳು ಕೂಡಿಸಿದ ಹಣದ ಬಗ್ಗೆ ಯಾರೂ ಹೇಳಲಿಲ್ಲ. 1869ರಲ್ಲಿ ಬಾಸ್ಟನ್‌ನಲ್ಲಿ ಮೆಥಡಿಸ್ಟ್ ಹೆಂಗಸರು ತಮ್ಮದೇ ಮಿಷನ್ ಸಂಘ ಕಟ್ಟಿದರು. ವಾರಕ್ಕೆ ಎರಡು ಸೆಂಟ್ ಮತ್ತು ಒಂದು ಪ್ರಾರ್ಥನೆ, ಇಷ್ಟೇ ಕೇಳಿದ್ದು. ಆ ಹಣದಿಂದಲೇ ಇಸಬೆಲ್ಲಾ ಥೋಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೇನ್ ಭಾರತಕ್ಕೆ ಬಂದರು. ಒಬ್ಬರು ಲಖನೌನಲ್ಲಿ ಹೆಣ್ಣುಮಕ್ಕಳ ಕಾಲೇಜಿಗೆ ಕಾರಣರಾದರು, ಇನ್ನೊಬ್ಬರು ಬರೇಲಿಯಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಿದರು.

ಲಂಡನ್ ಮಿಷನರಿ ಸೊಸೈಟಿಗೆ 1844ರಲ್ಲಿ ಒಂದು ಹಡಗನ್ನೇ ಮಕ್ಕಳು ಕೂಡಿಸಿದ ಚಿಲ್ಲರೆ ಹಣದಿಂದ ಕೊಂಡರು. ಪೆಸಿಫಿಕ್ ದ್ವೀಪಗಳಿಗೆ ಓಡಾಡಲು. ಮಿಜೋರಾಂನಲ್ಲಿ ಸುಮಾರು 1910ರಿಂದ ಹೆಂಗಸರು ಅಡುಗೆ ಮಾಡುವಾಗ ಪ್ರತಿ ಸಲ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಿದ್ದಾರೆ. ಅದನ್ನು ಮಾರಿ ಬಂದ ಹಣ ಸಭೆಯ ಮಿಷನ್ ಕೆಲಸಕ್ಕೆ. ಈ ಲೆಕ್ಕವನ್ನೆಲ್ಲ ಬರೆಯುವಾಗ ಹೆಂಗಸರ ಹೆಸರು ಯಾಕೆ ಕೊನೆಗೆ ಬರುತ್ತದೆ ಅಂತ ನನಗೆ ಬೇಜಾರು.

ಓದುಗಿತ್ತಿ
@ಸಂಜೆಮಲ್ಲಿಗೆ ಲಾಟಿ ಮೂನ್ ಅವರನ್ನೂ ಸೇರಿಸಿ. ಚೀನಾದಲ್ಲಿದ್ದವರು, ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದ ಮಿಷನರಿ. ಸಹಾಯಕ್ಕೆ ಇನ್ನೂ ಹೆಂಗಸರನ್ನು ಕಳಿಸಿ ಅಂತ ಬರೆಯುತ್ತಲೇ ಇದ್ದರು. 1888ರಲ್ಲಿ ಅಮೆರಿಕದ ಹೆಂಗಸರು ಕ್ರಿಸ್ಮಸ್ ಕಾಣಿಕೆ ಎತ್ತಿ ಕಳಿಸಿದರು. ಅವರು ತೀರಿಕೊಂಡದ್ದು 1912ರಲ್ಲಿ. 1918ರಿಂದ ಆ ಕಾಣಿಕೆಗೆ ಅವರದ್ದೇ ಹೆಸರು.

ಲೆಕ್ಕದಪುಸ್ತಕ
@ಓದುಗಿತ್ತಿ ಒಳ್ಳೆಯ ಉದಾಹರಣೆ ಕೊಟ್ಟಿರಿ. ನೇರಮಾತು ಅವರು ಕೇಳಿದ 'ಸಂಬಳ ಕೊಟ್ಟು ಕಳಿಸಲಿ' ಅನ್ನುವ ದಾರಿ ಇದೇ. ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳು 1925ರಲ್ಲಿ ಒಂದು ಸಹಕಾರ ನಿಧಿ ಶುರು ಮಾಡಿದವು. ಸಭೆಗಳು ತಮ್ಮ ಕಾಣಿಕೆಯಲ್ಲಿ ಒಂದು ಪಾಲು ಅದಕ್ಕೆ ಕೊಡುತ್ತವೆ. ಆ ನಿಧಿ ಮತ್ತು ಲಾಟಿ ಮೂನ್ ಕಾಣಿಕೆ ಸೇರಿ ಅವರ ಮಿಷನರಿಗಳಿಗೆ ಪೂರ್ತಿ ಬೆಂಬಲ ಸಿಗುತ್ತದೆ. ಅವರು ಮನೆಮನೆ ಕೇಳಬೇಕಿಲ್ಲ. ತೊಂದರೆಯೂ ಇದೆ. ನಿಧಿ ಕಡಿಮೆಯಾದಾಗ ಒಂದೇ ಸಲಕ್ಕೆ ನೂರಾರು ಜನರ ಮೇಲೆ ಪೆಟ್ಟು ಬೀಳುತ್ತದೆ. 2015-16ರಲ್ಲಿ ಹಾಗೇ ಆಯಿತು, ಸಾವಿರಕ್ಕೂ ಹೆಚ್ಚು ಮಿಷನರಿಗಳು ಮತ್ತು ಸಿಬ್ಬಂದಿ ಸ್ಥಾನ ಬಿಟ್ಟರು.

ಮಳೆಬಿಲ್ಲು
ಕೇಳುವುದೇ ಬೇಡ, ದೇವರೇ ಒದಗಿಸುತ್ತಾನೆ ಅನ್ನುವವರೂ ಇದ್ದರಲ್ಲ? ಹಡ್ಸನ್ ಟೇಲರ್. 1865ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದಾಗ ಸಾಲ ಮಾಡಬಾರದು, ಯಾರನ್ನೂ ಹಣ ಕೇಳಬಾರದು, ಗೊತ್ತಾದ ಸಂಬಳ ಇಲ್ಲ, ಬಂದದ್ದನ್ನು ಹಂಚಿಕೊಳ್ಳಬೇಕು ಅಂತ ನಿಯಮ ಮಾಡಿದರು. ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸುತ್ತಿದ್ದ ಜಾರ್ಜ್ ಮುಲ್ಲರ್ ಕೂಡ ಯಾರನ್ನೂ ಕೇಳದವರು. ಅವರೇ ಟೇಲರ್ ಮಿಷನ್‌ಗೆ ಹಣ ಕಳಿಸುತ್ತಿದ್ದರು. ಈಗಿನವರಿಗೆ ಆ ನಂಬಿಕೆ ಯಾಕಿಲ್ಲ?

ನೇರಮಾತು
@ಮಳೆಬಿಲ್ಲು ಕೇಳಲಿಲ್ಲ ನಿಜ. ಆದರೆ ಟೇಲರ್ ಅವರ ಮಿಷನ್ ಪತ್ರಿಕೆ ತರುತ್ತಿತ್ತು, ಮುಲ್ಲರ್ ಪ್ರತಿ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು, ಟೇಲರ್ ದೇಶ ದೇಶ ತಿರುಗಿ ಮಾತಾಡುತ್ತಿದ್ದರು. ಅಗತ್ಯ ಏನು ಅಂತ ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ಬಾಯಿಬಿಟ್ಟು ಕೇಳುವುದೇ ಹೆಚ್ಚು ಪ್ರಾಮಾಣಿಕ ಅಂತ ನನ್ನ ಅಭಿಪ್ರಾಯ.

ಮಳೆಬಿಲ್ಲು
@ನೇರಮಾತು ದೇವರು ಮಾಡಿದ್ದನ್ನು ಹೇಳುವುದು ಬೇರೆ, ಹಣ ಕೊಡಿ ಅನ್ನುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆ ವರದಿಗಳಲ್ಲಿ ಬಂದ ಹಣ, ಆದ ಖರ್ಚು ಎಲ್ಲ ಬಿಚ್ಚಿ ಬರೆದಿರುತ್ತಿದ್ದರು. ಲೆಕ್ಕ ಕೊಟ್ಟರು ಅಂತಲೇ ತಪ್ಪು ಹುಡುಕಿದರೆ ಹೇಗೆ?

ಕಡಲಹಕ್ಕಿ
@ಮಳೆಬಿಲ್ಲು ನಂಬಿಕೆ ಇಲ್ಲ ಅಂತ ಮಾತ್ರ ಹೇಳಬೇಡಿ. ಅಪ್ಪ ಕೇಳುತ್ತಿದ್ದರು. ಕೇಳಿದ ಮೇಲೆ ರಾತ್ರಿ ಪ್ರಾರ್ಥನೆಯನ್ನೂ ಮಾಡುತ್ತಿದ್ದರು.

ದೀಪದಬತ್ತಿ
ಅಪೊಸ್ತಲ ಪೌಲನನ್ನು ನೋಡಿ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುವ ಕೆಲಸ ಮಾಡಿದ. ಸುವಾರ್ತೆ ಸಾರುವವರಿಗೆ ಅದರಿಂದಲೇ ಜೀವನ ನಡೆಸುವ ಹಕ್ಕಿದೆ ಅಂತ ಬರೆದವನೂ ಅವನೇ, ಕೊರಿಂಥದವರಿಂದ ಆ ಹಕ್ಕು ಬಳಸಿಕೊಳ್ಳಲಿಲ್ಲ ಅಂತ ಬರೆದವನೂ ಅವನೇ. ಆದರೆ ಫಿಲಿಪ್ಪಿಯವರ ಸಹಾಯ ತೆಗೆದುಕೊಂಡ. ಯಾರಿಂದ ತೆಗೆದುಕೊಳ್ಳಬೇಕು, ಯಾರಿಂದ ಬೇಡ ಅಂತ ಅವನು ಯೋಚಿಸಿ ನಡೆದ. ಯೇಸುವಿನ ಪ್ರಯಾಣಕ್ಕೂ ಯೋಹನ್ನ, ಸುಸನ್ನ ಮೊದಲಾದ ಹೆಂಗಸರು ತಮ್ಮ ಆಸ್ತಿಯಿಂದ ಖರ್ಚು ಮಾಡಿದ್ದನ್ನು ಲೂಕ 8ನೇ ಅಧ್ಯಾಯದಲ್ಲಿ ಬರೆದಿದ್ದಾನೆ.

ಲೆಕ್ಕ ಕೇಳುವುದು ತಪ್ಪಾ ಅಂತ ಕೇಳಿದ್ದೀರಿ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಪೌಲ ಒಬ್ಬನೇ ಹೋಗಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಅಂತ ಅವನೇ ಕಾರಣ ಕೊಟ್ಟಿದ್ದಾನೆ. 2 ಕೊರಿಂಥ 8ನೇ ಅಧ್ಯಾಯ ಓದಿ. ಧೈರ್ಯವಾಗಿ ಕೇಳಿ.

ಗಾಳಿಪಟ
ಹಾಗಾದರೆ ಎಲ್ಲರೂ ದುಡಿದುಕೊಂಡೇ ಮಿಷನ್ ಕೆಲಸ ಮಾಡಬಹುದಲ್ವಾ?

ಹಳೆಕಾಗದ
@ಗಾಳಿಪಟ ಮಾಡಿದವರಿದ್ದಾರೆ. 1732ರಲ್ಲಿ ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪಕ್ಕೆ ಹೋದ ಮೊರಾವಿಯನ್ ಪಂಗಡದ ಮಿಷನರಿಗಳಲ್ಲಿ ಒಬ್ಬ ಕುಂಬಾರ, ಒಬ್ಬ ಬಡಗಿ. ಕೈಕಸುಬೇ ಅವರ ಆಧಾರ. ಬಾಸೆಲ್ ಮಿಷನ್ ಎರಡನ್ನೂ ಮಾಡಿತು. ಒಂದು ಕಡೆ ಸ್ವಿಟ್ಜರ್ಲೆಂಡ್, ಜರ್ಮನಿಯ ಸಾಮಾನ್ಯ ಜನರಿಂದ ವಾರದ ಚಿಲ್ಲರೆ ಕಾಣಿಕೆ. ಇನ್ನೊಂದು ಕಡೆ 1859ರಲ್ಲಿ ಒಂದು ವ್ಯಾಪಾರ ಕಂಪನಿ. ಷೇರುದಾರರಿಗೆ ಮಿತವಾದ ಲಾಭಾಂಶ ಕೊಟ್ಟು ಉಳಿದ ಲಾಭ ಮಿಷನ್‌ಗೆ. ಮಂಗಳೂರಿನ ಹೆಂಚಿನ ಕಾರ್ಖಾನೆ 1865ರಲ್ಲಿ ಶುರುವಾಯಿತು. ಮತಾಂತರವಾಗಿ ಮನೆ, ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡುವುದೂ ಅದರ ಉದ್ದೇಶ.

ಆದರೆ ಕಾರ್ಖಾನೆಯ ಯಜಮಾನ ಮತ್ತು ಪಾಸ್ಟರ್ ಒಂದೇ ಸಂಸ್ಥೆಯವರಾದಾಗ ಕಾರ್ಮಿಕ ಸಂಬಳ ಜಾಸ್ತಿ ಕೇಳುವುದು ಹೇಗೆ? ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆ ಆಸ್ತಿಯನ್ನೇ ವಶ ಮಾಡಿಕೊಂಡರು. ವ್ಯಾಪಾರದಿಂದ ನಡೆಸಿದರೂ ಚಿಂತೆ ತಪ್ಪುವುದಿಲ್ಲ.

ತಾಳೆಗರಿ
ನಾನು ಕ್ರೈಸ್ತನಲ್ಲ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಸಿದ ಮಗುವಿನ ಫೋಟೋ ತೋರಿಸಿ ಹಣ ಎತ್ತುತ್ತಾರೆ. ಆಮೇಲೆ ಅದು ಪ್ರಚಾರಕ್ಕೆ ಹೋದರೆ ಕೊಟ್ಟವನಿಗೂ ಮೋಸ, ಮಗುವಿಗೂ ಮೋಸ ಅಲ್ವಾ?

ಲೆಕ್ಕದಪುಸ್ತಕ
@ತಾಳೆಗರಿ ಬೇಸರ ಯಾಕೆ, ಕೇಳಲೇಬೇಕಾದ ಪ್ರಶ್ನೆ. ಒಂದು ಉದ್ದೇಶ ಹೇಳಿ ಎತ್ತಿದ ಹಣವನ್ನು ಅದಕ್ಕೇ ಬಳಸಬೇಕು. ಲೆಕ್ಕದಲ್ಲಿ ಅದನ್ನು ಬೇರೆಯಾಗಿ ತೋರಿಸಬೇಕು. ಸಂಸ್ಥೆ ಊಟದ ಹಣದಿಂದ ಪ್ರಚಾರ ಸಭೆ ನಡೆಸಿದರೆ ಅದು ತಪ್ಪು, ಮಿಷನ್ ಆದರೂ ಯಾರಾದರೂ. ಸುವಾರ್ತೆಗೆ ಹಣ ಬೇಕಿದ್ದರೆ ಸುವಾರ್ತೆಗೆ ಅಂತಲೇ ಕೇಳಬೇಕು. ಕೊಡುವವರು ಕೊಡುತ್ತಾರೆ.

ಹಗರಣಗಳು ಆಗಿವೆ. ಅಮೆರಿಕದಲ್ಲಿ ನ್ಯೂ ಎರಾ ಅನ್ನುವ ದತ್ತಿ ಸಂಸ್ಥೆ, ಹಣ ಇಟ್ಟರೆ ದುಪ್ಪಟ್ಟು ಮಾಡಿ ಕೊಡುವ ಗುಟ್ಟಿನ ದಾನಿಗಳಿದ್ದಾರೆ ಅಂತ ಹೇಳಿ ಎಷ್ಟೋ ಕ್ರೈಸ್ತ ಸಂಸ್ಥೆಗಳಿಂದ ಹಣ ಕಟ್ಟಿಸಿಕೊಂಡಿತು. 1995ರಲ್ಲಿ ಕುಸಿದು ಬಿತ್ತು. ಆ ದಾನಿಗಳು ಇರಲೇ ಇಲ್ಲ. ಅಲ್ಲಿನ ಇವಾಂಜೆಲಿಕಲ್ (ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಪ್ರೊಟೆಸ್ಟಂಟ್) ಸಂಸ್ಥೆಗಳಿಗೆ 1979ರಿಂದ ಇಸಿಎಫ್‌ಎ ಅಂತ ಒಂದು ಸ್ವಂತ ಲೆಕ್ಕ ನಿಗಾ ಮಂಡಳಿ ಇದೆ. ಅದಿದ್ದೂ ಇದಾಯಿತು. ಅದಕ್ಕೇ ಅಂಥ ಮಂಡಳಿಯ ಮುದ್ರೆ ನೋಡಿ ಸುಮ್ಮನಾಗಬೇಡಿ, ಲೆಕ್ಕಪತ್ರವನ್ನೂ ತರಿಸಿ ನೋಡಿ.

ಓದುಗಿತ್ತಿ
ಪ್ರತಿ ದೇಶದಲ್ಲೂ ನಿಯಮ ಬೇರೆ ಬೇರೆ ಅಂತಾರಲ್ಲ?

ಲೆಕ್ಕದಪುಸ್ತಕ
@ಓದುಗಿತ್ತಿ ಹೌದು. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಗಿಫ್ಟ್ ಏಡ್ ಮೂಲಕ ಸಂಸ್ಥೆಗೆ ಇನ್ನೂ 25 ಪೆನ್ಸ್ ಸರ್ಕಾರದಿಂದ ಸಿಗುತ್ತದೆ. ಅಮೆರಿಕದಲ್ಲಿ ದತ್ತಿ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಅನ್ನುವ ಲೆಕ್ಕದ ವರದಿ ಸಲ್ಲಿಸಬೇಕು, ಆದರೆ ಚರ್ಚುಗಳಿಗೆ ಅದರಿಂದ ವಿನಾಯಿತಿ ಇದೆ. ಭಾರತದಲ್ಲಿ ವಿದೇಶಿ ದೇಣಿಗೆಗೆ 2010ರ ಎಫ್‌ಸಿಆರ್‌ಎ ಕಾಯ್ದೆ. 2020ರ ತಿದ್ದುಪಡಿ ಆದ ಮೇಲೆ ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಮಳೆಬಿಲ್ಲು
ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದ ಮಿಷನರಿ ಹುಡುಗರು ಹೇಗೆ ಮಾಡುತ್ತಾರೆ? ಜೋಡಿ ಜೋಡಿ ತಿರುಗುತ್ತಾರಲ್ಲ.

ಹಳೆಕಾಗದ
@ಮಳೆಬಿಲ್ಲು ಅವರಿಗೆ ಸಂಬಳ ಇಲ್ಲ. ಅವರೇ ಅಥವಾ ಮನೆಯವರೇ ಹಣ ಕಟ್ಟುತ್ತಾರೆ. ಹಿಂದೆಲ್ಲ, ತಾವು ಹೋದ ದೇಶದ ಖರ್ಚಿಗೆ ತಕ್ಕಂತೆ ಕಟ್ಟಬೇಕಿತ್ತು. ದುಬಾರಿ ದೇಶಕ್ಕೆ ಹೋದವನಿಗೆ ಭಾರ ಜಾಸ್ತಿ. 1990ರ ದಶಕದ ಆರಂಭದಲ್ಲಿ ಎಲ್ಲರಿಗೂ ಒಂದೇ ಮೊತ್ತ ಅಂತ ಮಾಡಿದರು. ಅಮೆರಿಕದ ಯುವಕರಿಗೆ ತಿಂಗಳಿಗೆ 400 ಡಾಲರ್ ಇದ್ದದ್ದು 2020ರ ಜುಲೈನಿಂದ 500 ಆಯಿತು.

ನೇರಮಾತು
ನೋಡಿ, ಭಾರವನ್ನು ಸಮ ಮಾಡಲು ಸಾಧ್ಯ ಇದೆ. ಮನಸ್ಸು ಬೇಕು. ಬೆಂಬಲ ಹೆಚ್ಚಾದವರ ಖಾತೆಯಿಂದ ಕಡಿಮೆ ಇದ್ದವರಿಗೆ ಹಂಚುವ ನಿಯಮವನ್ನು ಎಲ್ಲ ಸಂಸ್ಥೆಗಳೂ ಮಾಡಲಿ.

ದೀಪದಬತ್ತಿ
ಇನ್ನೂ ಒಂದು ಮಾತು. ಹೊರಗಿನ ಹಣ ಯಾವಾಗಲೂ ಬರುತ್ತಿದ್ದರೆ ಸ್ಥಳೀಯ ಸಭೆ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಮಿಷನ್ ಸಂಘಗಳ ಕಾರ್ಯದರ್ಶಿಗಳಾಗಿದ್ದ ಇಂಗ್ಲೆಂಡಿನ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆಂಡರ್ಸನ್ ಹೇಳಿದ್ದರು. ಸಭೆ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ತನ್ನ ಆಡಳಿತ ತಾನೇ ಮಾಡಬೇಕು, ತಾನೇ ಬೆಳೆಯಬೇಕು. 1890ರಲ್ಲಿ ಚೀನಾದಲ್ಲಿ ಮಿಷನರಿಯಾಗಿದ್ದ ಜಾನ್ ನೇವಿಯಸ್ ಕೊರಿಯಾಕ್ಕೆ ಹೋಗಿ ಅಲ್ಲಿನ ಹೊಸ ಮಿಷನರಿಗಳಿಗೆ ಇದನ್ನೇ ಕಲಿಸಿದರು. ಸ್ಥಳೀಯ ಬೋಧಕರಿಗೆ ವಿದೇಶಿ ಸಂಬಳ ಬೇಡ, ಚರ್ಚ್ ಕಟ್ಟಡವನ್ನು ಅಲ್ಲಿಯವರೇ ಕಟ್ಟಲಿ ಅಂದರು. ಇವತ್ತು ಕೊರಿಯಾದ ಸಭೆಗಳೇ ಲೋಕದ ಮೂಲೆ ಮೂಲೆಗೆ ಮಿಷನರಿಗಳನ್ನು ಕಳಿಸುತ್ತಿವೆ.

ಕಡಲಹಕ್ಕಿ
@ದೀಪದಬತ್ತಿ ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಅದೇ ಕೆಲಸವನ್ನು ಅಪ್ಪನ ಜೊತೆ ಮಾಡುತ್ತಿದ್ದ ಸ್ಥಳೀಯ ಬೋಧಕರಿಗೆ ಸಿಗುತ್ತಿದ್ದದ್ದು ಬಹಳ ಕಡಿಮೆ. ಅವರಿಗೆ ವಿಮೆ ಇರಲಿಲ್ಲ, ಪಿಂಚಣಿ ಇರಲಿಲ್ಲ. ಸ್ವಾವಲಂಬನೆ ಅನ್ನುವ ನಿಯಮವನ್ನು ಅವರಿಗೆ ಮಾತ್ರ ಹೇಳಿ, ಹೊರಗಿನಿಂದ ಬಂದವರು ಹೊರಗಿನ ಹಣದಲ್ಲೇ ಇದ್ದರೆ ಅದು ನ್ಯಾಯ ಅಲ್ಲ. ಅಮ್ಮ ಈ ಮಾತನ್ನು ಎಷ್ಟೋ ಸಲ ಎತ್ತಿದಳು. ಸಂಸ್ಥೆ ಕೇಳಿಸಿಕೊಳ್ಳಲಿಲ್ಲ.

ಹೊಸಿಲುದಾಟಿ
ಎಲ್ಲರಿಗೂ ಧನ್ಯವಾದ. ನಿಮ್ಮ ಮಾತು ಓದಿ ಗೆಳೆಯನಿಗೆ ಫೋನ್ ಮಾಡಿದೆ. ಬಜೆಟ್ ಕೇಳಿದಾಗ ಅವನು ಖುಷಿಯಿಂದಲೇ ಕಳಿಸಿದ. ಆಫೀಸು ಖರ್ಚು ಶೇ. 12 ಹಿಡಿಯುತ್ತಾರಂತೆ. ಕಡಲಹಕ್ಕಿ ಹೇಳಿದ್ದನ್ನೂ ಕೇಳಿದೆ, ಜೊತೆಗೆ ಕೆಲಸ ಮಾಡುವ ಸ್ಥಳೀಯ ಅನುವಾದಕರಿಗೆ ಎಷ್ಟು ಕೊಡುತ್ತೀರಿ ಅಂತ. ಅದು ಅವನಿಗೆ ಗೊತ್ತಿರಲಿಲ್ಲ. ಸಂಸ್ಥೆಗೆ ಬರೆದು ಕೇಳಿದ್ದಾನೆ. ನಾನು ತಿಂಗಳ ಕಾಣಿಕೆ ಶುರು ಮಾಡುತ್ತೇನೆ. ಮುಂದೆ ನನ್ನ ಕೆಲಸ ಹೋದರೆ, ಕೊಡಲು ಆಗದಿದ್ದರೆ ಏನು ಮಾಡಬೇಕು?

ಲೆಕ್ಕದಪುಸ್ತಕ
@ಹೊಸಿಲುದಾಟಿ ಕೊಟ್ಟ ಮಾತು ಕಾನೂನಿನ ಸಾಲ ಅಲ್ಲ. ಆದರೆ ಸುಮ್ನೆ ನಿಲ್ಲಿಸಬೇಡಿ. ಕೆಲವು ತಿಂಗಳು ಮೊದಲೇ ಗೆಳೆಯನಿಗೂ ಸಂಸ್ಥೆಗೂ ಹೇಳಿ. ನಿಮ್ಮ ಮಾತನ್ನು ನಂಬಿ ಅವರು ಬಾಡಿಗೆ ಮನೆ ಹಿಡಿದಿರುತ್ತಾರೆ. ಮೊತ್ತ ಇಳಿಸಿ ಮುಂದುವರಿಸಿದರೂ ಸರಿ.

ಓದುಗಿತ್ತಿ
@ಹೊಸಿಲುದಾಟಿ ಅನುವಾದಕರ ಬಗ್ಗೆ ಸಂಸ್ಥೆ ಏನು ಉತ್ತರ ಕೊಟ್ಟಿತು ಅಂತ ಇಲ್ಲೇ ಬರೆಯಿರಿ. ಅವರಿಗಾಗಿ ಬೇರೆ ನಿಧಿ ಇದ್ದರೆ ನನ್ನ ಕಾಣಿಕೆ ಅದಕ್ಕೆ ಕೊಡುತ್ತೇನೆ.

ಕಡಲಹಕ್ಕಿ
ನಾನೂ ಕೊಡುತ್ತೇನೆ.